ಬಾಯ್ಲರಿನ ಹಕ್ಕಳೆ

ಭದ್ರಾವತಿಯ ಗಂಗಾಧರಪ್ಪ ಸಾಹುಕಾರರ ಅಕ್ಕಿ ಗಿರಣಿಯಲ್ಲಿ ಬಾಯ್ಲರು ಹೊತ್ತಿಸಿದಾಗೆಲ್ಲ ಒಳಗಿನಿಂದ ಟಣ್ ಟಣ್ ಎಂದು ಸುತ್ತಿಗೆ ಬಡಿದ ಸದ್ದು ಬರುತ್ತಿತ್ತು. ಒಲೆಗೆ ಭತ್ತದ ಹೊಟ್ಟು ಹೊತ್ತು ತರುವ ಹೆಂಗಸರು ಬುಟ್ಟಿ ಸುರಿದು ದೂರ ಓಡುತ್ತಿದ್ದರು. ಚೌಡಮ್ಮ ಮಾತ್ರ ನಿಂತು ಕೇಳುತ್ತಿದ್ದಳು. ಆ ಪೆಟ್ಟು ಅವಳ ಗಂಡ ಜಯಪ್ಪನದು. ಅವನು ಸತ್ತು ಇನ್ನೂ ತಿಂಗಳಾಗಿರಲಿಲ್ಲ.

ನಯಾಪೈಸೆ ಬಂದ ಮರುವರ್ಷದ ಮಾತು. ಗಿರಣಿಯ ಬಾವಿ ನೀರು ಗಡಸು. ಕುದ್ದು ಕುದ್ದು ಅದರ ಸುಣ್ಣ ಬಾಯ್ಲರಿನ ಒಳಮೈಗೆ ಹಕ್ಕಳೆಗಟ್ಟುತ್ತಿತ್ತು. ಹಕ್ಕಳೆ ದಪ್ಪವಾದಷ್ಟೂ ಒಲೆ ಹೆಚ್ಚು ಹೊಟ್ಟು ತಿನ್ನುತ್ತದೆ, ಆವಿ ಕಡಿಮೆ ಕೊಡುತ್ತದೆ. ಹಾಗೇ ಬಿಟ್ಟರೆ ಒಂದು ದಿನ ತಗಡೇ ಸಿಡಿಯುತ್ತದೆ. ಬೆಂಕಿ ಆರಿಸಿ, ತಣಿಸಿ, ಮನುಷ್ಯ ಮೇಲಿನ ಕಿಂಡಿಯಿಂದ ಒಳಗಿಳಿದು ಅದನ್ನು ಕೆತ್ತಬೇಕು. ಕೆತ್ತುತ್ತಿದ್ದವನು ಜಯಪ್ಪ. ಅವನು ಇಳಿದರೆ ಹೆಂಡತಿ ಕಿಂಡಿಯ ಬಳಿ ಕೂರುವುದು ವಾಡಿಕೆ. ಸುತ್ತಿಗೆ ಆಡುತ್ತಿದ್ದರೆ ಒಳಗೆ ಜೀವ ಇದೆ, ಒಲೆಗೆ ಬೆಂಕಿ ಹಾಕುವಂತಿಲ್ಲ. ಸದ್ದು ನಿಂತರೆ ಅವನ ಸೊಂಟದ ಹಗ್ಗ ಹಿಡಿದು ಎಳೆಯಬೇಕು.

ಸುಗ್ಗಿಯಲ್ಲಿ ಗಿರಣಿ ನಿಂತರೆ ಸಾಹುಕಾರರ ಹೊಟ್ಟೆಗೆ ಬೆಂಕಿ ಬಿದ್ದ ಹಾಗೆ. ಬಾಯ್ಲರು ತಣಿಯುವ ಮೊದಲೇ ಜಯಪ್ಪನನ್ನು ಇಳಿಸಿದರು. ಅಷ್ಟರಲ್ಲಿ ಅಕಾಲದ ಮೋಡ ಕವಿಯಿತು. ಅಂಗಳದ ಭತ್ತ ನೆನೆಯುತ್ತದೆ ಎಂದು ಎಲ್ಲರನ್ನೂ ಕೂಗಿ, ಕಿಂಡಿಯ ಬಳಿ ಕೂತ ಚೌಡಮ್ಮನನ್ನೂ ಗದರಿಸಿ ಎಬ್ಬಿಸಿದರು. ಅವಳು ಭತ್ತ ಒಟ್ಟಿ ಬರುವಷ್ಟರಲ್ಲಿ ಸುತ್ತಿಗೆ ನಿಂತಿತ್ತು. ಎಳೆದರೆ ಮೈ ಬೆಂದಿತ್ತು, ಉಸಿರಿರಲಿಲ್ಲ. ಸದ್ದು ಯಾವಾಗ ನಿಂತಿತೋ ತಾನು ಕೇಳಲಿಲ್ಲವಲ್ಲ ಎಂಬ ಸಂಕಟ ಅವಳನ್ನು ಹಗಲಿರುಳು ತಿನ್ನುತ್ತಿತ್ತು. ಭತ್ತ ಮಾತ್ರ ಒಂದು ಕಾಳೂ ನೆನೆಯಲಿಲ್ಲ.

ಬೆಂಕಿ ನೋಡಿಕೊಳ್ಳುವ ಮುನಿಸ್ವಾಮಿ ಸಾಹುಕಾರರಿಗೆ ಹೇಳಿ ನೋಡಿದ. ಅರ್ಧ ಕೆತ್ತಿ ಬಿಟ್ಟ ಹಕ್ಕಳೆ ಕಾವಿಗೆ ಬಿರಿಯುತ್ತಿದೆ, ಸದ್ದು ಅದರದೇ, ಗಿರಣಿ ನಿಲ್ಲಿಸಿ ತೆಗೆಸಿ ಎಂದ. ಅವರು ಅವನ ಬಾಯಿ ಮುಚ್ಚಿಸಿದರು. ಹಕ್ಕಳೆ ಎಂದರೆ ಗಿರಣಿ ನಿಲ್ಲಬೇಕು; ದೆವ್ವ ಎಂದರೆ ಒಂದು ಪೂಜೆ ಸಾಕು. ಕಳ್ಳನಿಗೊಂದು ಪಿಳ್ಳೆ ನೆವ. ಜಯಪ್ಪ ಕುಡಿದು ಇಳಿದು ಸತ್ತ, ಈಗ ದೆವ್ವವಾಗಿ ಕಾಡುತ್ತಿದ್ದಾನೆ ಎಂದು ಅವರೇ ಹಬ್ಬಿಸಿದರು. ಶಾಂತಿ ಮಾಡಿಸುವ ದಿನ ಹೆಂಡತಿಯೇ ನಿಂತು ಅವನಿಗೆ ಹೋಗು ಎನ್ನಬೇಕಂತೆ. ಹಾಗೆ ಹೇಳಿದರೆ ಈಗಿರುವ ಗಿರಣಿಯ ಗುಡಿಸಲು ಅವಳಿಗೆ ಉಳಿಯುತ್ತದೆ, ಇಲ್ಲದಿದ್ದರೆ ಸಂಜೆಯೊಳಗೆ ಬಿಡಬೇಕು.

ಆ ದಿನ ಸಾಹುಕಾರರು ಶಿವಮೊಗ್ಗದ ಸವಳಂಗ ರಸ್ತೆಯ ಮನೆಯಿಂದ ಕಾರಿನಲ್ಲಿ ಬಂದರು. ಬಾಯ್ಲರಿಗೆ ಹೂವಿನ ಹಾರ ಬಿತ್ತು, ಬೆಂಕಿ ಹತ್ತಿತು. ಟಣ್ ಟಣ್ ಶುರುವಾಯಿತು. ಚೌಡಮ್ಮ ಕಿಂಡಿಯ ಹತ್ತಿರ ಬಂದಳು. ಈ ಸಲವಾದರೂ ಅಲ್ಲಿಂದ ಕದಲಬಾರದು ಅನ್ನಿಸಿತು.

"ಹೋಗು ಅನ್ನು ಮಾರಾಯ್ತಿ," ಎಂದರು ಸಾಹುಕಾರರು.

"ಅನ್ನಲ್ಲ. ಸುತ್ತಿಗೆ ಆಡ್ತೈತೆ. ನನ್ ಗಂಡ ಒಳಗವ್ನೆ. ಅವ್ನು ಒಳಗಿರೋವಾಗ ಬೆಂಕಿ ಹಾಕಂಗಿಲ್ಲ."

ಅವಳು ಕಿಂಡಿಯ ಕೆಳಗೆ ಕೂತುಬಿಟ್ಟಳು. ಹೆಂಗಸರು ಒಬ್ಬೊಬ್ಬರಾಗಿ ಬುಟ್ಟಿ ಇಳಿಸಿ ಪಕ್ಕದಲ್ಲಿ ಕೂತರು. ಹೊಟ್ಟಿಲ್ಲದೆ ಒಲೆ ಮಂಕಾಯಿತು. ಹೊರಗೆ ಭತ್ತದ ಗಾಡಿಗಳು ಸಾಲುಗಟ್ಟಿದವು. ಸಾಹುಕಾರರಿಗೆ ತಡೆಯಲಾಗಲಿಲ್ಲ.

"ದೆವ್ವನೂ ಇಲ್ಲ, ಗಿವ್ವನೂ ಇಲ್ಲ. ಬರೀ ಹಕ್ಕಳೆ ಬಿರಿಯೋ ಸದ್ದು ಅದು. ಹೊಟ್ಟು ಹಾಕ್ರೇ."

ಹೆಂಗಸರೆಲ್ಲ ಚೌಡಮ್ಮನತ್ತ ತಿರುಗಿದರು. ಒಳಗೆ ಜಯಪ್ಪನಿಲ್ಲ. ಅವನು ಅವಳ ಪಾಲಿಗೆ ಎರಡನೆಯ ಸಲ ಸತ್ತಿದ್ದ. ಅವಳು ನಿಧಾನವಾಗಿ ಎದ್ದಳು.

"ಗೊತ್ತಿದ್ದೂ ನನ್ ಗಂಡನ್ನ ಕುಡುಕ ಮಾಡಿದ್ರಿ, ದೆವ್ವ ಮಾಡಿದ್ರಿ. ಬರೀ ಹಕ್ಕಳೆ ಅಲ್ವಾ ಸಾವ್ಕಾರ್ರೇ? ಇವತ್ತು ನೀವೇ ಇಳೀರಿ. ನಾನು ಹಗ್ಗ ಹಿಡ್ಕೊಂಡು ಕೂತಿರ್ತೀನಿ."

ಮುನಿಸ್ವಾಮಿ ಒಲೆಯ ಬಾಗಿಲು ತೆರೆದು ಕೆಂಡ ಹೊರಗೆಳೆಯತೊಡಗಿದ. ಸಾಹುಕಾರರು ಕೂಗಾಡಿದರು. ಯಾರೂ ಬುಟ್ಟಿ ಎತ್ತಲಿಲ್ಲ.