ಪ್ರೇಮಕುಮಾರಿ ಕೊಟ್ಟ ನಂಬರು

ಬಣಕಲ್ ಬಸ್ ನಿಲ್ದಾಣದ ಎದುರಿಗೆ ಪ್ರೇಮಕುಮಾರಿಯ ಬಟ್ಟೆ ಅಂಗಡಿ. ನಾಲ್ಕು ಹೆಜ್ಜೆ ಆಚೆಗೆ ನಂಜಮ್ಮನ ಹೋಟೆಲು. ಕಡುಬು ಬೇಯಿಸಿ ಕೂಡಿಸಿದ ದುಡ್ಡನ್ನು ನಂಜಮ್ಮ ಅಕ್ಕಿ ಡಬ್ಬಿಯೊಳಗೆ ಹೂತಿಡುತ್ತಿದ್ದ ಕಾಲವೊಂದಿತ್ತು. “ಇಲಿ ತಿಂದ್ರೆ ಯಾರನ್ನ ಕೇಳ್ತೀರಿ ನಂಜಕ್ಕ? ಊರಿಗೆ ಮೊಬೈಲ್ ಬಂತು, ನೀವಿನ್ನೂ ಡಬ್ಬಿ ಕಾಯ್ತಾ ಕೂತಿದ್ದೀರಿ” ಎಂದು ಹಂಗಿಸಿ, ಕೈಹಿಡಿದು ಬ್ಯಾಂಕಿಗೆ ಕರೆದೊಯ್ದು, ಖಾತೆ ತೆರೆಸಿ ಎಟಿಎಂ ಕಾರ್ಡು ಕೊಡಿಸಿದವಳು ಪ್ರೇಮಕುಮಾರಿಯೇ. ಕಣ್ಣಿನ ಪೊರೆ ತೆಗೆಸಲೆಂದು ನಂಜಮ್ಮ ಕೂಡಿಟ್ಟದ್ದೆಲ್ಲ ಈಗ ಆ ಖಾತೆಯಲ್ಲಿತ್ತು.

ಆ ಬೆಳಿಗ್ಗೆ ಪ್ರೇಮಕುಮಾರಿಯ ಮೊಬೈಲ್ ಹೊಡೆದುಕೊಂಡಿತು.

“ಮೇಡಂ, ಬ್ಯಾಂಕ್ ಮ್ಯಾನೇಜರ್ ಮಾತಾಡೋದು. ನಿಮ್ದು ಕಾರ್ಡ್ ಬಂದ್ ಆಗ್ತದೆ ಇವತ್ತು. ಆಗ್ಬಾರ್ದು ಅಂದ್ರೆ ಅದರ ನಂಬರ್ ಹೇಳಿ.”

ಕನ್ನಡ ತಡವರಿಸುತ್ತಿತ್ತು. ಅದೇ ಅವಳಿಗೆ ನಂಬಿಕೆ ತಂದದ್ದು. ಆ ಬ್ಯಾಂಕಿಗೆ ಕನ್ನಡ ನೆಟ್ಟಗೆ ಬರುವ ಮ್ಯಾನೇಜರು ಬಂದವರೇ ಯಾರು? ಹೋದವರು ತೆಲುಗಿನವರು, ಅವರಿಗಿಂತ ಮುಂಚಿನವರು ಬಿಹಾರದ ಕಡೆಯವರು. ಹೊಸಬರು ಬಂದಿದ್ದಾರೆಂದು ಸಂತೆಯಲ್ಲಿ ಕೇಳಿಯೂ ಇದ್ದಳು. ಕೂತಿದ್ದವಳು ಎದ್ದು ನಿಂತು, ಸೆರಗು ಸರಿಮಾಡಿಕೊಂಡಳು. ಸಾಲ ಕೊಡುವ ಸಾಹೇಬರು ಕೇಳಿದಾಗ ಇಲ್ಲವೆನ್ನುವುದುಂಟೇ? ಕಾರ್ಡಿನ ಮುಂದಿನ ಸಂಖ್ಯೆ ಹೇಳಿದಳು, ಹಿಂದಿನದನ್ನೂ ಹೇಳಿದಳು. ಸಾಲದ್ದಕ್ಕೆ, “ಊರಿಗೆ ಹೊಸಬ್ರು, ಹೋಟೆಲ್ ಊಟ ಎಷ್ಟು ದಿನ ಮಾಡ್ತೀರಿ ಸಾರ್, ಒಂದಿನ ನಮ್ಮನೆಗೆ ಬನ್ನಿ” ಎಂದು ಊಟಕ್ಕೂ ಕರೆದಳು.

“ಬರ್ತೀನಿ ಮೇಡಂ. ಅಕ್ಕಪಕ್ಕ ಯಾರ್ದಾದ್ರೂ ಕಾರ್ಡ್ ಇದೆಯಾ? ಪಾಪ, ಅವರ್ದೂ ಬಂದ್ ಆಗ್ತದೆ.”

ನಂಜಮ್ಮ ಕಣ್ಣು ಮಂಜಾಗಿ ಬ್ಯಾಂಕಿನ ಮೆಟ್ಟಿಲು ತಡಕುವುದು ನೆನಪಾಯಿತು. ಅಷ್ಟು ದೂರದ ಓಡಾಟ ತಪ್ಪಲಿ ಎಂದುಕೊಂಡು ಹೋಟೆಲಿನ ಫೋನ್ ನಂಬರು ಕೊಟ್ಟಳು.

ಫೋನು ಇಟ್ಟ ಸ್ವಲ್ಪ ಹೊತ್ತಿಗೆ ಮೊಬೈಲಿಗೆ ಮೆಸೇಜು ಬಂತು. ಇಂಗ್ಲಿಷು. ಎದುರಿನ ಮೆಡಿಕಲ್ ಶಾಪಿನ ಶಶಿಧರನ ಹತ್ತಿರ ಒಯ್ದಳು. ಓದುತ್ತ ಓದುತ್ತ ಅವನ ಹುಬ್ಬು ಗಂಟಾಯಿತು.

“ಪ್ರೇಮಕ್ಕ, ನಿಮ್ಮ ಖಾತೆಯಿಂದ ದುಡ್ಡು ಹೋಗಿದೆಯಲ್ಲ! ಯಾರಾದ್ರೂ ಫೋನಲ್ಲಿ ಕಾರ್ಡಿನ ನಂಬರ್ ಕೇಳಿದ್ರಾ?”

“ಯಾರೂ ಇಲ್ಲಪ್ಪ.”

ಸುಳ್ಳು ನಾಲಿಗೆಗೆ ತಾನಾಗಿಯೇ ಬಂದಿತ್ತು.

“ಬ್ಯಾಂಕಿನವ್ರು ಯಾವತ್ತೂ ಫೋನಲ್ಲಿ ನಂಬರ್ ಕೇಳಲ್ಲ ಅಕ್ಕ. ಕೇಳಿದ್ರೆ ಕಳ್ಳ ಅಂತಾನೇ ಲೆಕ್ಕ. ಇರಿ, ಬ್ರಾಂಚಿಗೆ ಫೋನ್ ಮಾಡಿ ಮೊದಲು ಕಾರ್ಡ್ ನಿಲ್ಲಿಸೋಣ.”

ಅವನು ರಿಸೀವರ್ ಎತ್ತಿದ. ಪ್ರೇಮಕುಮಾರಿಗೆ ಹೋಟೆಲಿನ ನಂಬರು ಕೊಟ್ಟದ್ದು ನೆನಪಾಯಿತು. ತನ್ನದು ಹೋಯಿತು, ಹಾಳಾಗಲಿ. ನಂಜಮ್ಮನದು? ಹೇಳದೆ ಕೇಳದೆ ರಸ್ತೆಗಿಳಿದು ಓಡಿದಳು.

ಹೋಟೆಲಿನಲ್ಲಿ ನಂಜಮ್ಮ ರಿಸೀವರನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ನಿಂತಿದ್ದಳು. ಅಕ್ಷರ ಕಾಣದ್ದಕ್ಕೆ ಕಾರ್ಡನ್ನು ಕಡುಬು ತಿನ್ನುತ್ತಿದ್ದ ಜೀಪ್ ಡ್ರೈವರ್ ದಾಸಯ್ಯನ ಕೈಗೆ ಕೊಟ್ಟಿದ್ದಳು. ಅವನು ಎಡಗೈಯಲ್ಲಿ ಹಿಡಿದು ಒಂದೊಂದೇ ಅಂಕಿ ಕೂಗುತ್ತಿದ್ದ, ಇವಳು ಫೋನಿಗೆ ಒಪ್ಪಿಸುತ್ತಿದ್ದಳು.

“ಮುಂದಿಂದು ಮುಗೀತು ಸಾರ್. ಹಿಂದುಗಡೇದಾ? ತಿರುಗಿಸು ಮಾರಾಯ.”

ಪ್ರೇಮಕುಮಾರಿ ಕಾರ್ಡನ್ನು ಕಿತ್ತುಕೊಂಡು, ಫೋನಿನ ಗುಂಡಿಯನ್ನು ಒತ್ತಿ ಮಾತು ಕತ್ತರಿಸಿಬಿಟ್ಟಳು.

“ಅಯ್ಯೋ, ಸಾಹೇಬ್ರು ಮಾತಾಡ್ತಿದ್ರು!”

“ಸಾಹೇಬ್ರಲ್ಲ ನಂಜಕ್ಕ, ಕಳ್ಳ. ನನ್ನ ದುಡ್ಡು ಹೊಡೆದ. ಮತ್ತೆ ಮಾಡಿದ್ರೆ ಏನೂ ಹೇಳ್ಬೇಡಿ, ಇಟ್ಟುಬಿಡಿ.”

ತಿನ್ನುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ದಾಸಯ್ಯ ಕಿಸಕ್ಕೆಂದ. “ಬ್ಯಾಂಕ್ ವಿಷಯದಲ್ಲಿ ಊರಿಗೇ ಬುದ್ಧಿ ಹೇಳೋರು ನೀವು. ನಿಮಗೇ ಟೋಪಿ ಹಾಕಿದ್ನಾ?”

ನಂಜಮ್ಮ ಅವನನ್ನು ಗದರಿದಳು. “ಸುಮ್ನೆ ತಿನ್ನೋ.” ಆಮೇಲೆ ಪ್ರೇಮಕುಮಾರಿಯ ಕಡೆ ಮಸುಕು ಕಣ್ಣು ಎತ್ತಿ, “ನೋಡಿ ಪ್ರೇಮಮ್ಮ, ಎಂಥಾ ಸುಳ್ಳ ಅಂತೀನಿ! ನನ್ನ ನಂಬರು ನೀವೇ ಕೊಟ್ರಿ ಅಂದ. ನಿಮ್ಮ ಹೆಸರು ಹೇಳಿದ್ದಕ್ಕೇ ನಾನು ಕಾರ್ಡ್ ತೆಗೆದಿದ್ದು” ಎಂದಳು.

ತಪ್ಪಿಸಿಕೊಳ್ಳಲು ಬಾಗಿಲು ತೆರೆದಿಟ್ಟ ಹಾಗಿತ್ತು ಆ ಮಾತು. ಹೂಂ ಎಂದರೆ ಸಾಕಿತ್ತು. ಕಳ್ಳನ ಮಾತಿಗಿಂತ ಅವಳ ಮಾತನ್ನೇ ಎಲ್ಲರೂ ನಂಬುತ್ತಿದ್ದರು. ಪ್ರೇಮಕುಮಾರಿಗೆ ಕೈಯಲ್ಲಿದ್ದ ಕಾರ್ಡು ಸುಡುವಂತಾಯಿತು. ಸುಳ್ಳು ಹೇಳಿದರೆ, ದುಡ್ಡು ಉಳಿದರೂ ತಾನೇ ಈ ಹೆಂಗಸಿನ ನಂಬಿಕೆಯನ್ನು ಕದ್ದುಕೊಂಡು ಹೋದ ಹಾಗಾಗುತ್ತದಲ್ಲ ಎನ್ನಿಸಿತು.

“ಅವನು ಹೇಳಿದ್ರಲ್ಲಿ ಅದೊಂದೇ ನಿಜ, ನಂಜಕ್ಕ. ನಾನೇ ಕೊಟ್ಟೆ.”

ನಂಜಮ್ಮ ಕೈ ಚಾಚಿ ಕಾರ್ಡು ಇಸಿದುಕೊಂಡು, ಬೆರಳಲ್ಲಿ ಸವರಿ ನೋಡಿ, ರವಿಕೆಯೊಳಗೆ ಇಳಿಸಿಕೊಂಡಳು.

“ಇನ್ನು ಯಾರಿಗೂ ಕೊಡ್ಬೇಡಿ ಆಯ್ತಾ” ಎಂದಳು, ಮಕ್ಕಳಿಗೆ ಹೇಳಿದ ಹಾಗೆ ಮೆತ್ತಗೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. “ಕೂತ್ಕೊಳಿ, ಬೆವರ್ತಿದ್ದೀರಿ.”

ಪ್ರೇಮಕುಮಾರಿ ಕೂರಲಿಲ್ಲ. ತಲೆ ತಗ್ಗಿಸಿಕೊಂಡು ಮೆಡಿಕಲ್ ಶಾಪಿಗೆ ವಾಪಸ್ಸು ಬಂದಳು. ಔಷಧಿಗೆ ನಿಂತವರು ನಾಲ್ಕೈದು ಜನ. ಶಶಿಧರ ಇನ್ನೂ ಬ್ಯಾಂಕಿನವರ ಜೊತೆ ಮಾತಾಡುತ್ತಿದ್ದ. “ಇಲ್ಲ ಸಾರ್, ಅವರು ಯಾರಿಗೂ ಹೇಳಿಲ್ವಂತೆ. ಭಾಳ ತಿಳಿದೋರು ಅವರು.”

“ಶಶಿ,” ಎಂದಳು ಅವಳು, “ಹೇಳಿದ್ದೆ ಅನ್ನು.”

ಅವನು ಅವಳ ಮುಖ ನೋಡದೆ ಅತ್ತ ತಿರುಗಿ, ದನಿ ತಗ್ಗಿಸಿದ. ಆದರೆ ಬ್ಯಾಂಕಿನವರಿಗೆ ಕೇಳಿಸಲಿಲ್ಲವೇನೋ, ಎರಡನೆಯ ಸಲ ಗಟ್ಟಿಯಾಗಿಯೇ ಹೇಳಬೇಕಾಯಿತು.

“ಹೇಳಿದ್ರಂತೆ ಸಾರ್. ಅವರೇ ಎಲ್ಲಾ ನಂಬರೂ ಹೇಳಿದ್ರಂತೆ.”