ಎಳ್ಳಿನಷ್ಟು ಸ್ಕ್ರೂ

ಗಂಟಲಿನಲ್ಲೇ ಏನೋ ಐಬಿದೆ ತನಗೆ, ಇರಲೇಬೇಕು, ಇಲ್ಲದಿದ್ದರೆ ಅರಬ್ಬಿಯ ಆ ಒಂದು ಹಕಾರ ಹೀಗೆ ಸತಾಯಿಸುತ್ತಿತ್ತೇ, ಕನ್ನಡಿಗೆ ಉಸಿರೂದಿ ಮಂಜು ಕಟ್ಟಿಸಿದ ಹಾಗೆ ಆಳದಿಂದ ಬರಬೇಕಮ್ಮ ಅಂದಿದ್ದರು ಟೀಚರು, ಬಚ್ಚಲಿನ ಕನ್ನಡಿಯೆದುರು ಎಷ್ಟು ಚೆನ್ನಾಗಿ ಬರುತ್ತದೆ, ಆನ್‌ಲೈನ್ ಕ್ಲಾಸಿನ ಪರದೆಯ ಮೇಲೆ ಹದಿನಾಲ್ಕು ಮುಖ ಕಂಡರೆ ಜೀವ ಬಾಯಿಗೆ ಬರುತ್ತದೆಯೇ ಹೊರತು ಹಕಾರ ಬರುವುದಿಲ್ಲ — ಮೊದಲ ದಿನ ಅವಳು ಬಾಯಿಬಿಟ್ಟಾಗ ಯಾರೋ ಕಿಸಕ್ಕೆಂದರು, ಅವಳಿಗೇ ನಕ್ಕರೋ, ತಮ್ಮ ಮನೆಯ ಬೆಕ್ಕಿಗೆ ನಕ್ಕರೋ, ಯಾರನ್ನು ಕೇಳುವುದು, ಬೆರಳು ತಾನಾಗಿ ಮೈಕು ಮುಚ್ಚಿತು, ಚಾಟ್‌ಬಾಕ್ಸಿನಲ್ಲಿ ಬರೆಯಿತು, ನನ್ನ ಮೈಕ್ ಕೆಟ್ಟಿದೆ. ಅಂದಿನಿಂದ ಮೂರು ವಾರ ಎಲ್ಲ ಉತ್ತರವೂ ಬರೆದೇ, ಬರೆದರೆ ಒಂದೂ ತಪ್ಪಿಲ್ಲ, ಇವತ್ತು ಮಾತಿನ ಪರೀಕ್ಷೆ, ಮೈಕ್ ಸರಿಹೋಗದಿದ್ರೆ ನಾಳೆಯಿಂದ ಬರೀ ಕೇಳೋರ ಗುಂಪಿಗೆ ಹೋಗಿಬಿಡಮ್ಮ, ಅಲ್ಲಿ ಯಾರೂ ಮಾತಾಡಿಸಲ್ಲ, ಅಂದಿದ್ದರು ಟೀಚರು — ಅಬ್ಬ, ಎಂಥ ಸುಖ ಅನ್ನಿಸಿತು, ಮರುಕ್ಷಣವೇ ಆ ಸುಖಕ್ಕೆ ನಾಚಿಕೆಯಾಯಿತು. ಅದೂ ಹೋಗಲಿ, ಆ ಸುಳ್ಳನ್ನು ನಂಬಿದ ಅಪ್ಪ. ರೇಡಿಯೋ ರಿಪೇರಿಯಲ್ಲೇ ತಲೆ ನರೆತ ಅಪ್ಪ ಮೂರನೇ ಸಲ ಅವಳ ಹೆಡ್‌ಫೋನ್ ಬಿಚ್ಚಿದ್ದಾನೆ, ಅಂಗೈಯಲ್ಲಿ ಎಳ್ಳಿನಷ್ಟು ಸ್ಕ್ರೂ, ರೆಕಾರ್ಡ್ ಮಾಡಿದ್ರೆ ಕೇಳುತ್ತಲ್ಲೇ, ಕ್ಲಾಸಲ್ಲಿ ಯಾಕೆ ಕೇಳಲ್ಲ ಅನ್ನುತ್ತಾನೆ, ಅಕ್ಕನ ಕುಹಕ ಬೇರೆ, ಅದೂ ನಿನ್ನ ಮಗಳ ಥರಾನೇ ಅಪ್ಪ, ಮನೇಲಿ ಮಾತ್ರ ಹುಲಿ — ಅಪ್ಪ ನಗಲಿಲ್ಲ. ನಿನ್ನೆ ಅಂಗಡಿಗೆ ಬಂದ ಗಿರಾಕಿಯನ್ನು ವಾಪಸು ಕಳಿಸಿದನಂತೆ, ಬೇರೆಯವರಿಗೆ ತೋರಿಸಿ ಸ್ವಾಮಿ, ನನ್ನ ಕೈ ಮುಂಚಿನ ಹಾಗಿಲ್ಲ, ರಾತ್ರಿ ಅನ್ನ ಬಡಿಸುತ್ತ ಅಮ್ಮ ಅದನ್ನು ಹೇಳಿದಳು, ಇವಳು ತಟ್ಟೆ ಬಿಟ್ಟೆದ್ದು ಡೈರಿಯಲ್ಲಿ ಬರೆದಳು, ನಾಳೆ ಹೇಳಿಬಿಡ್ತೀನಿ, ಹಿಂದಿನ ಪುಟದಲ್ಲೂ ಅದೇ, ಅದರ ಹಿಂದಿನದರಲ್ಲೂ ಅದೇ, ಹಾಳಾದ ಡೈರಿಗೆ ಕಿವಿಯಿಲ್ಲ — ಈಗ ಟೀಚರು ಅವಳ ಸರದಿ ಕೂಗುತ್ತಿದ್ದಾರೆ, ಅಪ್ಪ ಹೆಡ್‌ಫೋನ್ ಅವಳ ತಲೆಗೇರಿಸಿ ಪಕ್ಕದಲ್ಲೇ ನಿಂತಿದ್ದಾನೆ, ಒಂದು ಸ್ಕ್ರೂ ಬಾಕಿ, ಆಮೇಲೆ ಹಾಕೋಣ, ಮಾತಾಡು ಪುಟ್ಟಿ, ಇದೂ ಆಗದಿದ್ರೆ ನಾನು ಅಂಗಡಿ ಬಾಗಿಲು ಹಾಕೋದೇ, ನಕ್ಕ, ಅದೆಂಥ ನಗು, ಅಂಗೈ ಸಣ್ಣಗೆ ನಡುಗುತ್ತಿದೆ, ಅದರಲ್ಲಿ ಸ್ಕ್ರೂ ಅತ್ತ ಇತ್ತ, ಪರದೆಯಲ್ಲಿ ಮೈಕಿನ ಮೇಲೆ ಕೆಂಪು ಗೀಟು, ಬೆರಳು ಒತ್ತಿತು, ಗೀಟು ಹೋಯಿತು, ಮೈಕ್ ಯಾವತ್ತೂ ಕೆಟ್ಟಿರ್ಲಿಲ್ಲ ಅಪ್ಪ, ನನಗೆ ಹೆದರಿಕೆ — ಹದಿನಾಲ್ಕು ಮುಖಗಳೂ ತಲೆಯೆತ್ತಿದವು, ಅವಳಿಗೆ ಕಂಡದ್ದು ಅಪ್ಪನ ಅಂಗೈ, ಅದರ ನಡುವೆ ಎಳ್ಳಿನಷ್ಟು ಸ್ಕ್ರೂ, ಅಲ್ಲಾಡದೆ.