ದೊಪ್ಪಣ್ಣ ಬಿದ್ದರೂ ಯಾರೂ ನಗಲಿಲ್ಲ

ಪತ್ತೇದಾರ ಮೆಟ್ಟಿಲಿಳಿದು ಬರುತ್ತಾನೆ. ಗೋಡೆಗೆ ನೇತುಹಾಕಿದ ಕೋಟನ್ನೇ ಕಳ್ಳನೆಂದು ಬಗೆದು ಅದರ ಕೊರಳಪಟ್ಟಿ ಹಿಡಿಯುತ್ತಾನೆ, ಗೂಟವನ್ನೂ ಬಿಡದೆ ವಿಚಾರಿಸುತ್ತಾನೆ. ಕೋಟಿನ ಜೊತೆಗೆ ಗೂಟವೂ, ಗೂಟದ ಜೊತೆಗೆ ಹಲಗೆಯೂ ಕಿತ್ತುಬಂದು, ಎಲ್ಲವೂ ಅವನ ಸಮೇತ ಉರುಳಿಕೊಂಡು ಹೋಗಿ ಹಿಟ್ಟಿನ ಕೊಪ್ಪರಿಗೆಯೊಳಗೆ ಬೀಳುತ್ತವೆ.

"ಕಟ್" ಎಂದಳು ನಿರ್ದೇಶಕಿ.

ಹಿಟ್ಟಿನಿಂದ ತಲೆಯೆತ್ತಿದ ದೊಪ್ಪಣ್ಣ ಕಿವಿಯೊಡ್ಡಿ ಕುಳಿತ. ಕಿಸಕ್ ಎನ್ನುವವರು ಒಬ್ಬರೂ ಇಲ್ಲ. ಲೈಟಿನ ಯಜಮಾನ ಮೋಡ ನೋಡುವ ರೈತನ ಹಾಗೆ ಚಾವಣಿ ನೋಡುತ್ತಿದ್ದ. ಉಡುಪು ನೋಡಿಕೊಳ್ಳುವ ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು, ಅದೂ ಪೋಣಿಸಿದ್ದ ಸೂಜಿಗೇ. ಎಲ್ಲರ ಮುಖವೂ ಸಾವಿನ ಮನೆಗೆ ಬಂದವರ ಹಾಗೆ.

ದೊಪ್ಪನೆ ಬೀಳುವುದೇ ಅವನ ಕಸುಬು, ಅದರಿಂದಲೇ ಆ ಹೆಸರು. ಯೌವನದಿಂದಲೂ ಕುರ್ಚಿ, ಏಣಿ, ಸೈಕಲ್ಲು, ಬಾವಿಕಟ್ಟೆ ಯಾವುದನ್ನೂ ಬಿಡದೆ ಎಲ್ಲದರಿಂದಲೂ ಬಿದ್ದು ಸಂಸಾರ ಸಾಗಿಸಿದವನು. ಬಿದ್ದಮೇಲೆ ಸೆಟ್ಟಿನಲ್ಲಿ ಏಳುವ ನಗುವೇ ಅವನಿಗೆ ಅಳತೆಗೋಲು. ಅನ್ನ ಬೆಂದಿದೆಯೋ ಎಂದು ಒಂದಗುಳು ಹಿಸುಕಿ ನೋಡುವಂತೆ, ಲೈಟಿನವರ ನಗು ಕೇಳಿಯೇ ಇಡೀ ಚಿತ್ರಮಂದಿರದ ನಗುವನ್ನು ಅಂದಾಜು ಮಾಡುತ್ತಿದ್ದ. ಈ ಪತ್ತೇದಾರಿ ಚಿತ್ರದಲ್ಲಿ ಮಾತ್ರ ಶುರುವಾದಂದಿನಿಂದ ಒಂದಗುಳೂ ಕೈಗೆ ಸಿಕ್ಕಿರಲಿಲ್ಲ.

"ನಾನು ಬತ್ತಿಹೋದೆ ಅನ್ಸುತ್ತೆ ಕಣೋ" ಎಂದ, ಮುಖದ ಹಿಟ್ಟು ಒರೆಸುತ್ತಿದ್ದ ಬಾಮೈದನಿಗೆ. ಹೆಂಡತಿಯ ತಮ್ಮನೇ ಅವನ ಮೇಕಪ್‌ಮ್ಯಾನು.

"ಸುಮ್ನಿರಿ ಭಾವ, ಕಣ್ಣಿಗೆ ಹೋಗುತ್ತೆ" ಎಂದನೇ ಹೊರತು ಬಾಮೈದ ಅವನ ಕಣ್ಣು ನೋಡಲಿಲ್ಲ. ತುಟಿ ಕಚ್ಚಿಕೊಂಡಿದ್ದ. ಕೆಲಸ ಮುಗಿದದ್ದೇ ತಡ, ಬೆನ್ನಿಗೆ ಬೆಂಕಿ ಬಿದ್ದವನ ಹಾಗೆ ಹಿಂಬಾಗಿಲಿನಿಂದ ಹೊರಬಿದ್ದ.

ಅವನ ಹಿಂದೆಯೇ ಲೈಟಿನ ಯಜಮಾನ ಹೋದ. ಅಕ್ಕನೂ ಹೋದಳು. ಪ್ರತಿ ಶಾಟಿನ ನಂತರವೂ ಹೀಗೇ. ಇಷ್ಟು ದಿನ ದೊಪ್ಪಣ್ಣ ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಆದರೆ ಆ ಬೆಳಿಗ್ಗೆ ಬಟ್ಟೆಯ ಕಂಬಿಯಲ್ಲಿ ತನ್ನದೇ ಚೌಕಳಿ ಕೋಟಿನ ಜೋಡಿಯೊಂದನ್ನು ಕಂಡಿದ್ದ. ಆಮೇಲೆ ನೋಡಿದರೆ, ಅವನ ಬದಲು ಉರುಳಲು ಬಂದ ಡ್ಯೂಪ್ ಅದನ್ನು ತೊಟ್ಟು ಕನ್ನಡಿಯ ಮುಂದೆ ಮೀಸೆ ತಿರುವುತ್ತಿದ್ದ. ಮೆಟ್ಟಿಲಿನಿಂದ ಉರುಳುವುದಷ್ಟೇ ಡ್ಯೂಪಿನ ಕೆಲಸ, ಅದಕ್ಕೆ ಮೀಸೆ ಯಾಕೆ ತಿರುವಬೇಕು? ಅದೂ ಇದೂ ಕೂಡಿಸಿದರೆ ಲೆಕ್ಕ ಸರಿಯಾಗಿತ್ತು. ಪಾತ್ರ ಕೈತಪ್ಪುತ್ತಿದೆ, ಊರಿಗೆಲ್ಲ ಗೊತ್ತು, ಗಂಡನಿಗೆ ಮಾತ್ರ ಗೊತ್ತಿಲ್ಲ ಅನ್ನೋ ಹಾಗಾಗಿದೆ ತನ್ನ ಪಾಡು.

ನೂಕಿಸಿಕೊಳ್ಳುವುದಕ್ಕಿಂತ ತಾನೇ ಹೊರಟುಬಿಡುವುದು ಮರ್ಯಾದೆ. ನಿರ್ದೇಶಕಿಯ ಬಳಿ ಹೋಗಿ, "ನಿಮ್ಮತ್ರ ಸ್ವಲ್ಪ ಮಾತಾಡ್ಬೇಕು ಅಮ್ಮಾ" ಎಂದ. ಮಗಳ ವಯಸ್ಸಿನವಳು. ಮಾನಿಟರಿನಿಂದ ಕಣ್ಣು ಕೀಳದೆ, "ಮುಂದಿನ ಶಾಟ್ ಮುಗಿಸಿ ಕೂತ್ಕೊಳ್ಳೋಣ ಸರ್" ಎಂದಳು. ಇದೂ ಒಂದು ಸುಳಿವು. ನಿಜಕ್ಕೂ ಪುರುಸೊತ್ತಿಲ್ಲದವರು ಇಷ್ಟು ಮೆತ್ತಗೆ ಮಾತಾಡುವುದಿಲ್ಲ.

ಹೋಗುವ ಮೊದಲು ಕಳ್ಳರನ್ನು ಕೈಯಾರೆ ಹಿಡಿಯಬೇಕು ಅನ್ನಿಸಿತು. ಬೆಳಕು ಹಾಯಿಸುವ ಥರ್ಮಕೋಲ್ ಹಲಗೆಯೊಂದು ಬಾಗಿಲ ಬಳಿ ಇತ್ತು. ಅದನ್ನು ಮುಖಕ್ಕೆ ಅಡ್ಡ ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತ ಹಿತ್ತಲಿಗೆ ಹೋದ. ನಡುವೆ ನೀರಿನ ಡ್ರಮ್ಮಿಗೆ ಡಿಕ್ಕಿ ಹೊಡೆದ. ಕಸದ ಬುಟ್ಟಿಯೊಳಗೆ ಒಂದು ಕಾಲಿಟ್ಟು ಮತ್ತೆ ತೆಗೆದ. ಜನರೇಟರ್ ವ್ಯಾನಿನ ಹಿಂದಿನಿಂದ ಯಾರೋ ಅಳುವ ಸದ್ದು ಬರುತ್ತಿತ್ತು.

ಹಲಗೆಯ ಅಂಚಿನಿಂದ ಒಂದೇ ಕಣ್ಣಲ್ಲಿ ಇಣುಕಿ ನೋಡಿದ. ಅಳುವಲ್ಲ. ಯಜಮಾನ ಟವೆಲನ್ನು ಬಾಯಿಗೆ ತುರುಕಿಕೊಂಡು ನೆಲದ ಮೇಲೆ ಕುಳಿತಿದ್ದ, ಹೆಗಲೆರಡೂ ಕುಣಿಯುತ್ತಿದ್ದವು. ಅಕ್ಕ ಸೆರಗಿನಿಂದ ಕಣ್ಣೀರು ಒರೆಸಿಕೊಳ್ಳುತ್ತಿದ್ದಳು. ಬಾಮೈದ ವ್ಯಾನಿಗೆ ಹಣೆ ಕುಟ್ಟುತ್ತಿದ್ದ.

"ಆ ಗೂಟಕ್ಕೆ 'ನಿನ್ನ ಜೊತೆಗಾರ ಯಾರು' ಅಂತ ಕೇಳಿದ್ರಲ್ಲ... ಅಯ್ಯೋ, ಪಕ್ಕೆ ಹಿಡ್ಕೊಂಡ್ತು" ಎಂದಳು ಅಕ್ಕ.

"ಮೆಲ್ಲಗೆ ಕಣಕ್ಕ. ನಕ್ಕಿದ್ದು ಭಾವನ ಕಿವಿಗೆ ಬಿದ್ರೆ ಅವತ್ತೇ ಮನೆಗೆ ಕಳಿಸ್ತೀನಿ ಅಂದಿದಾರೆ ಮೇಡಮ್ಮು" ಎಂದ ಬಾಮೈದ.

"ಆಯಮ್ಮ ಹೇಳೋದೂ ಸರಿನೇ" ಎಂದ ಯಜಮಾನ ಟವೆಲು ತೆಗೆದು. "ನಾವು ನಕ್ರೆ ಮುಗೀತು. ಮುಂದಿನ ಟೇಕಲ್ಲಿ ಕಣ್ಣು ಹೊರಳಿಸ್ತಾನೆ, ನಾಲಿಗೆ ಚಾಚ್ತಾನೆ, ಒಂದ್ಸಲ ಬೀಳೋ ಕಡೆ ಮೂರ್ಸಲ ಬೀಳ್ತಾನೆ. ಚಪ್ಪಾಳೆ ಕೇಳಿದ ಕೋತಿ."

ಕೋತಿ ಎಂದದ್ದಕ್ಕೆ ದೊಪ್ಪಣ್ಣನಿಗೆ ಸಿಟ್ಟು ಬರಲಿಲ್ಲ, ಯಾಕೆಂದರೆ ಮಾತು ನಿಜವಾಗಿತ್ತು. ಎದೆಯ ಮೇಲಿನ ಕಲ್ಲು ಇಳಿಯಿತು. ಹಲಗೆಯ ಸಮೇತ ಹಿಂದಕ್ಕೆ ನಡೆದು, ಮತ್ತೆ ಅದೇ ಬುಟ್ಟಿಯನ್ನು ತುಳಿದು, ಹೂವಿನಷ್ಟು ಹಗುರಾಗಿ ಒಳಬಂದ.

ಮುಂದಿನ ಶಾಟು ಖಾಲಿ ಕೋಣೆಯದು. ಪತ್ತೇದಾರ ಅಲ್ಲಿನ ಕುರ್ಚಿಯನ್ನು ವಿಚಾರಣೆ ಮಾಡುತ್ತಾನೆ, ಅದು ಬಾಯಿ ಬಿಡುವುದಿಲ್ಲ, ಕೊನೆಗೆ ಕುರ್ಚಿಯೇ ಅವನನ್ನು ಕೆಡವುತ್ತದೆ. ದೊಪ್ಪಣ್ಣ ಖುಷಿಯಿಂದ ವಿಚಾರಿಸಿದ, ಖುಷಿಯಿಂದ ಬಿದ್ದ. ಕಟ್. ಮೌನ. ಈ ಮೌನದ ಒಳಗುಟ್ಟು ತನಗೆ ಗೊತ್ತು ಎಂದುಕೊಂಡು, ಬಿದ್ದಲ್ಲೇ ಮುಸಿಮುಸಿ ನಗುತ್ತ ಹಿಂಬಾಗಿಲಿನತ್ತ ನೋಡಿದ.

ಯಾರೂ ಹೊರಗೆ ಹೋಗಲಿಲ್ಲ.

ಯಜಮಾನ ಬೆಂಕಿಕಡ್ಡಿಯಿಂದ ಕಿವಿ ಕೆರೆದುಕೊಳ್ಳುತ್ತಿದ್ದ. ಅಕ್ಕ ನಿಜವಾಗಿಯೂ ಹೊಲಿಯುತ್ತಿದ್ದಳು. ನಿರ್ದೇಶಕಿ ಹತ್ತಿರ ಬಂದು ಮಂಡಿಯೂರಿ ಕುಳಿತಳು.

"ಏನಾಯ್ತು ಸರ್? ಬೆಳಿಗ್ಗೆ ಈ ಪತ್ತೇದಾರ ಗೋಡೆನೂ ನಂಬ್ತಿರ್ಲಿಲ್ಲ. ಈಗ ಕುರ್ಚಿ ಜೊತೆ ಬೀಗರ ಥರ ಮಾತಾಡ್ತಿದಾನೆ."

"ಏನಿಲ್ಲಮ್ಮ."

"ಯಾರಾದ್ರೂ ಏನಾದ್ರೂ ಹೇಳಿದ್ರಾ?" ಎನ್ನುತ್ತ ಅವಳು ತಲೆ ತಿರುಗಿಸಿದಳು. ಅವಳ ನೋಟ ಒಬ್ಬೊಬ್ಬರ ಮೇಲೂ ನಿಂತು, ಬಾಮೈದನ ಮೇಲೆ ಇನ್ನಷ್ಟು ಹೊತ್ತು ನಿಂತಿತು. ಯಜಮಾನ ಅಕ್ಕನನ್ನು ನೋಡಿದ, ಅಕ್ಕ ಬಾಮೈದನನ್ನು ನೋಡಿದಳು.

"ಯಾರೂ ಹೇಳಿಲ್ಲ. ಬಿದ್ದಾಗ ಬೆನ್ನು ಹಿಡ್ಕೊಂಡ್ತು ಅಷ್ಟೇ" ಎಂದ ದೊಪ್ಪಣ್ಣ. ಆಮೇಲೆ ತಡೆಯಲಾರದೆ ಕೇಳಿದ: "ಬೆಳಿಗ್ಗೆ ಬಿದ್ದಿದ್ದು ಚೆನ್ನಾಗಿತ್ತಾ?"

"ಶಾಟ್ ಓಕೆ ಆಯ್ತಲ್ಲ ಸರ್" ಎಂದು ಎದ್ದುಹೋದಳು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

ಬೆನ್ನು ನೀವಿಕೊಳ್ಳುತ್ತ ಎದ್ದವನ ಕಣ್ಣಿಗೆ, ತಾನೇ ಗೋಡೆಗೆ ಒರಗಿಸಿ ಬಂದಿದ್ದ ಥರ್ಮಕೋಲ್ ಹಲಗೆ ಬಿತ್ತು. ಅದು ಅವನ ಸೊಂಟದ ಮಟ್ಟಕ್ಕೂ ಬರುತ್ತಿರಲಿಲ್ಲ. ಮುಖ ಮುಚ್ಚುವಷ್ಟು ಎತ್ತಿ ಹಿಡಿದರೆ ಕೆಳಗೆ? ಕೆಳಗೆ ಸೊಂಟದಿಂದ ಹಿಡಿದು ಬೂಟಿನವರೆಗೆ ಇಡೀ ಪತ್ತೇದಾರ ಕಾಣುತ್ತಾನೆ.

ದೊಪ್ಪಣ್ಣ ಬಗ್ಗಿ ತನ್ನ ಬೂಟುಗಳನ್ನು ನೋಡಿಕೊಂಡ. ಡ್ರಮ್ಮಿನ ಸದ್ದು ಅವರಿಗೆ ಕೇಳಿರಲಾರದೇ? ಕಾಲುಗಳನ್ನು ಕಂಡಿರಲಾರರೇ? ಕಂಡು, ಪಾಪ ಮುದುಕ, ಸಮಾಧಾನವಾಗಲಿ ಎಂದು ಅಷ್ಟೆಲ್ಲ ನಾಟಕ ಆಡಿದರೇ? ಕೋತಿ ಎಂದದ್ದು ಕೂಡ, ಬರೀ ಹೊಗಳಿದರೆ ನಂಬಲಾರನೆಂದು ಹಾಕಿದ ಚಿಟಿಕೆ ಉಪ್ಪೇ? ಬಾಮೈದನನ್ನು ನೋಡಿದ. ಬಾಮೈದ ತಕ್ಷಣ ಬಾಚಣಿಗೆ ಹುಡುಕತೊಡಗಿದ, ಬಾಚಣಿಗೆ ಅವನ ಬಾಯಲ್ಲೇ ಇತ್ತು.

"ಇನ್ನೊಂದು ಟೇಕ್ ಹೋಗೋಣ" ಎಂದಳು ನಿರ್ದೇಶಕಿ.

ದೊಪ್ಪಣ್ಣ ಕೋಣೆಯೊಳಗೆ ಬಂದ. ಕುರ್ಚಿಯ ಮುಂದೆ ನಿಂತ. ಆ ಕುರ್ಚಿಗೆ ಎಲ್ಲವೂ ಗೊತ್ತಿದೆ, ಹೇಳುತ್ತಿಲ್ಲ ಎಂದು ಅವನಿಗೆ ಖಚಿತವಾಗಿತ್ತು. ಬಗ್ಗಿ ಅದರ ಕಾಲುಗಳನ್ನು ನೋಡಿದ. ಬೆನ್ನು ತಿರುಗಿಸಿ ಹೊರಟವನು ಗಕ್ಕನೆ ತಿರುಗಿ ನೋಡಿದ. ಕೊನೆಗೆ ಅದರ ಕಿವಿ ಇರಬಹುದಾದ ಕಡೆ ಬಾಯಿಟ್ಟು, "ಅವರು ನಕ್ಕಿದ್ದು ಯಾಕೆ?" ಎಂದು ಪಿಸುಗುಟ್ಟಿದ. ಬರೆದುಕೊಟ್ಟ ಮಾತಿನಲ್ಲಿ ಇದು ಇರಲಿಲ್ಲ. ಕುರ್ಚಿ ಕಾಲು ಮುರಿಯಿತು. ದೊಪ್ಪಣ್ಣ ಬಿದ್ದ.

ಕಟ್ ಎನ್ನುವುದು ಈ ಸಲ ಸ್ವಲ್ಪ ತಡವಾಗಿ ಬಂತು. ನಿರ್ದೇಶಕಿ ಸ್ಕ್ರಿಪ್ಟನ್ನು ಮುಖಕ್ಕೆ ಅಡ್ಡ ಹಿಡಿದಿದ್ದಳು.

"ಏನೋ ಮಾತಾಡ್ಬೇಕು ಅಂದಿದ್ರಲ್ಲ ಸರ್" ಎಂದಳು ಅದರ ಹಿಂದಿನಿಂದಲೇ.

"ಪರ್ವಾಗಿಲ್ಲಮ್ಮ. ಪಿಕ್ಚರ್ ಮುಗೀಲಿ, ಆಮೇಲೆ ಹೇಳ್ತೀನಿ."

ಅಷ್ಟರಲ್ಲಿ ಯಜಮಾನ ಟವೆಲು ಕೈಗೆತ್ತಿಕೊಂಡು ಹಿಂಬಾಗಿಲಿನತ್ತ ದಾಪುಗಾಲು ಹಾಕಿದ. ಬೆವರು ಒರೆಸಿಕೊಳ್ಳುವುದಕ್ಕೂ ಇರಬಹುದು ಎಂದುಕೊಂಡ ದೊಪ್ಪಣ್ಣ, ಕಣ್ಣು ಕಿರಿದು ಮಾಡಿ ಅವನ ಬೆನ್ನನ್ನೇ ನೋಡುತ್ತ ನೆಲದ ಮೇಲೆ ಕುಳಿತಿದ್ದ.